ತೊಟ್ಟಿಯ ಮೀನು, ಕೆಳಗಿನ ಊರಿನ ನದಿ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ಸಲದ ಸಭೆಯಲ್ಲಿ ತಾರಸಿ ತೋಟದ ಮಾತು ನಡೆದಿತ್ತು. ಯಾರ ಮನೆಯಲ್ಲಿ ಯಾವ ಗೊಬ್ಬರ ಎಂದು ಒಬ್ಬೊಬ್ಬರೇ ಹೇಳುತ್ತಿದ್ದಾಗ ನಾನು "ನಮ್ಮ ಮನೆಯಲ್ಲಿ ಮೀನೇ ಗೊಬ್ಬರ ಹಾಕುತ್ತದೆ" ಅಂದೆ. ಎಲ್ಲರೂ ನಕ್ಕರು. ಕಾರ್ಯದರ್ಶಿಗಳು ಮಾತ್ರ ನಗದೆ ಡೈರಿ ತೆಗೆದು ನನ್ನ ಹೆಸರು ಬರೆದುಕೊಂಡರು. ಅದರ ಫಲವೇ ಇವತ್ತಿನ ಈ ಮಾತು. ನಾನು ಎಂಟೆಕ್ ಓದಿದವಳು, ಪುಣೆಯ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಮೀನುಗಾರಿಕೆ ಓದಿದವಳಲ್ಲ. ಆದರೆ ನಾಲ್ಕು ವರ್ಷದಿಂದ ಮನೆಯ ಹಿಂದಿನ ಸಣ್ಣ ಅಂಗಳದಲ್ಲಿ ಮೀನು ಮತ್ತು ಸೊಪ್ಪನ್ನು ಒಂದೇ ನೀರಿನಲ್ಲಿ ಬೆಳೆಸುತ್ತಿದ್ದೇನೆ. ಅದು ಹೇಗೆ ನಡೆಯುತ್ತದೆ, ಯಾವ ಮೀನು ಸಾಕಬಹುದು, ಯಾವುದಕ್ಕೆ ಅನುಮತಿ ಬೇಕು, ಆ ನಿಯಮಗಳು ಯಾಕಿವೆ ಅನ್ನುವುದನ್ನು ನಿಮ್ಮ ಮುಂದಿಡುತ್ತೇನೆ. ಕೊನೆಗೆ ವೇದಿಕೆಗೆ ಒಂದು ಬೇಡಿಕೆಯೂ ಇದೆ.

ಮೊದಲು, ಅಕ್ವಾಪೋನಿಕ್ಸ್ ಅಂದರೆ ಏನು?

ಮೀನು ತಿನ್ನುತ್ತದೆ, ನೀರಿಗೆ ಅಮೋನಿಯಾ ಬಿಡುತ್ತದೆ. ಅದರಲ್ಲಿ ಬಹುಪಾಲು ಹೊರಗೆ ಬರುವುದು ಕಿವಿರುಗಳ ಮೂಲಕ. ಅಮೋನಿಯಾ ಹೆಚ್ಚಾದರೆ ಮೀನಿಗೇ ವಿಷ. ಅದಕ್ಕಾಗಿಯೇ ಮನೆಯ ಗಾಜಿನ ಅಕ್ವೇರಿಯಂನಲ್ಲಿ ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸುತ್ತೇವೆ. ಅಕ್ವಾಪೋನಿಕ್ಸ್‌ನಲ್ಲಿ ಆ ನೀರನ್ನು ಚೆಲ್ಲುವುದಿಲ್ಲ. ಪಂಪ್ ಅದನ್ನು ಖಡಿ ತುಂಬಿದ ಪಾತಿಗೆ ಎತ್ತುತ್ತದೆ. ಖಡಿಯ ಮೈಮೇಲೆ ಎರಡು ಬಗೆಯ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿರುತ್ತವೆ. ಮೊದಲನೆಯದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ಮೀನಿಗೆ ಕೆಟ್ಟದ್ದೇ. ಎರಡನೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಂದರೆ ಗಿಡಗಳಿಗೆ ಊಟ. ಪಾಲಕ್, ಮೆಂತ್ಯ, ಪುದೀನ, ಬಸಳೆ ಅದನ್ನು ಹೀರಿಕೊಳ್ಳುತ್ತವೆ. ಶುದ್ಧವಾದ ನೀರು ಮತ್ತೆ ಮೀನಿನ ತೊಟ್ಟಿಗೆ ಇಳಿಯುತ್ತದೆ. ಆವಿಯಾಗಿ ಹೋದಷ್ಟು, ಗಿಡ ಕುಡಿದಷ್ಟು ನೀರನ್ನು ಮಾತ್ರ ನಾವು ಹಾಕಬೇಕು.

ಕೇಳಲು ಸುಲಭ. ಆದರೆ ಆ ಬ್ಯಾಕ್ಟೀರಿಯಾಗಳನ್ನು ಅಂಗಡಿಯಿಂದ ತಂದು ಸುರಿದರೆ ಮರುದಿನವೇ ಕೆಲಸ ಶುರುವಾಗುವುದಿಲ್ಲ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಕಾದ ಹಾಗೆಯೇ ಇದು, ಗಳಿಗೆಗೊಮ್ಮೆ ಅಲುಗಾಡಿಸಿದರೆ ಮೊಸರಾಗುವುದಿಲ್ಲ. ಅಷ್ಟು ದಿನ ಪರೀಕ್ಷಾ ಕಿಟ್ ಇಟ್ಟುಕೊಂಡು ನೀರನ್ನು ನೋಡುತ್ತಿರಬೇಕು. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿದ ಮೇಲೆಯೇ ಪೂರ್ತಿ ಸಂಖ್ಯೆಯ ಮೀನು ಬಿಡಬೇಕು.

ನಮ್ಮದು ನೆಲಮಹಡಿಯ ಮನೆ. 500 ಲೀಟರಿನ ಒಂದು ತೊಟ್ಟಿ, ಒಟ್ಟು ಒಂದೂವರೆ ಚದರ ಮೀಟರಿನ ಎರಡು ಪಾತಿ. ನೀರು, ಖಡಿ, ತೊಟ್ಟಿ ಎಲ್ಲ ಸೇರಿದರೆ ಒಂದು ಟನ್ ದಾಟುತ್ತದೆ. ಆದ್ದರಿಂದ ಮೇಲಿನ ಮಹಡಿಗಳಲ್ಲಿ ಇರುವವರು ಕಟ್ಟಡದ ಇಂಜಿನಿಯರನ್ನು ಕೇಳದೆ ಬಾಲ್ಕನಿಯಲ್ಲಿ ಇದನ್ನು ಇಡಬೇಡಿ. ಒಂದು ಲೀಟರ್ ನೀರು ಒಂದು ಕೆಜಿ, ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ. ಮೀನಿನ ಲೆಕ್ಕವೂ ಹಾಗೆಯೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಸಣ್ಣ ಅಕ್ವಾಪೋನಿಕ್ಸ್ ಕೈಪಿಡಿ, 1000 ಲೀಟರ್ ನೀರಿಗೆ 10ರಿಂದ 20 ಕೆಜಿ ಮೀನು ಸಾಕು ಅನ್ನುತ್ತದೆ. ಸೊಪ್ಪಿನ ಪಾತಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಅನ್ನುವುದು ಅದೇ ಕೈಪಿಡಿಯ ಲೆಕ್ಕ. ನಮ್ಮ ತೊಟ್ಟಿಯಲ್ಲಿ ಹದಿನೈದು ಮೀನುಗಳಿವೆ. ದೊಡ್ಡವಾದಾಗ ದಿನಕ್ಕೆ ಸುಮಾರು 70 ಗ್ರಾಂ ಆಹಾರ ಹಾಕುತ್ತೇನೆ, ಚಳಿಗಾಲದಲ್ಲಿ ಕಡಿಮೆ. ಪಂಪ್ 40 ವ್ಯಾಟಿನದು, ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟ್.

ಎರಡು ಸಣ್ಣ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಿ. ಖಡಿ ತಂದಾಗ ಅದರ ಮೇಲೆ ನಾಲ್ಕು ಹನಿ ವಿನಿಗರ್ ಬಿಟ್ಟು ನೋಡಿ, ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶ ಇದೆ, ನೀರಿನ ಪಿಎಚ್ ಏರುತ್ತಲೇ ಹೋಗುತ್ತದೆ. ನಮ್ಮ ಈ ಭಾಗದ ಕರಿಕಲ್ಲಿನ ಖಡಿಗೆ ಆ ತೊಂದರೆ ಇಲ್ಲ.

ಈಗ ಮುಖ್ಯ ಪ್ರಶ್ನೆ. ಯಾವ ಮೀನು?

ಅಕ್ವಾಪೋನಿಕ್ಸ್ ಬಗ್ಗೆ ಯಾವ ವಿಡಿಯೊ ನೋಡಿದರೂ ಮೊದಲು ಬರುವ ಹೆಸರು ತಿಲಾಪಿಯಾ. ಹಳೇ ಮೈಸೂರಿನ ಕಡೆ ಅದನ್ನೇ ಜಿಲೇಬಿ ಮೀನು ಅನ್ನುತ್ತಾರೆ, ಈ ಕಡೆ ಚಿಲಾಪಿ. ಗಟ್ಟಿ ಜೀವ, ಸಿಕ್ಕಿದ್ದು ತಿನ್ನುತ್ತದೆ, ಬೇಗ ಮರಿ ಹಾಕುತ್ತದೆ. ಆಫ್ರಿಕಾ ಮೂಲದ ಈ ಮೀನನ್ನು ನಮ್ಮ ದೇಶಕ್ಕೆ ತಂದದ್ದು 1952ರಲ್ಲಿ. ಬೇಗ ಮರಿ ಹಾಕುವ ಗುಣವೇ ಮುಂದೆ ತೊಂದರೆಯಾಯಿತು. ಕೆರೆ, ಜಲಾಶಯಗಳಿಗೆ ಇಳಿದು ಅಲ್ಲಿನ ಮೀನುಗಳ ಜಾಗ, ಆಹಾರ ಎರಡನ್ನೂ ಹಿಡಿದುಕೊಂಡಿತು. 2009ರಲ್ಲಿ ಕೇಂದ್ರದ ಸಮಿತಿ ತಿಲಾಪಿಯಾ ಸಾಕಣೆಗೆ ಒಪ್ಪಿದ್ದು ಷರತ್ತುಗಳ ಮೇಲೆಯೇ. ರಾಜ್ಯದ ಮೀನುಗಾರಿಕೆ ಇಲಾಖೆಯ ಅನುಮತಿ ಇರಬೇಕು, ಮರಿ ಒಪ್ಪಿಗೆ ಪಡೆದ ಕೇಂದ್ರದಿಂದಲೇ ಬರಬೇಕು, ಅವು ಒಂದೇ ಲಿಂಗದವು ಅಥವಾ ಸಂತಾನ ಇಲ್ಲದವು ಆಗಿರಬೇಕು, ಮೀನು ಹೊರಗೆ ತಪ್ಪಿಸಿಕೊಂಡು ಹೋಗದಂತೆ ತಡೆ ಇರಬೇಕು. ಬೀದಿ ಬದಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸಿಗುವ ಮರಿಗೆ ಇದ್ಯಾವುದೂ ಇರುವುದಿಲ್ಲ.

ಇನ್ನೊಂದು ಮಾಗುರ್. ದೇಸಿ ಮಾಗುರ್ ನಮ್ಮ ದೇಶದ್ದೇ. ಆದರೆ ಅದೇ ಹೆಸರಿನಲ್ಲಿ ಮಾರುವ ಥಾಯ್ ಮಾಗುರ್ ನಿಜವಾಗಿ ಆಫ್ರಿಕಾದ ಮೀನು, ಇತರ ಮೀನುಗಳನ್ನು ನುಂಗಿ ಬಹಳ ದೊಡ್ಡದಾಗಿ ಬೆಳೆಯುತ್ತದೆ. ಇದರ ಸಾಕಣೆ ನಮ್ಮ ದೇಶದಲ್ಲಿ ನಿಷಿದ್ಧ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ನಾಶಪಡಿಸಲು ಆದೇಶ ಕೊಟ್ಟ ಮೇಲೆ ಮಹಾರಾಷ್ಟ್ರದಲ್ಲೂ ಅಧಿಕಾರಿಗಳು ಮೀನು ನಾಶ ಮಾಡಿದರು. ಮರಿಯಾಗಿದ್ದಾಗ ಎರಡನ್ನೂ ಬೇರೆ ಮಾಡಿ ಗುರುತಿಸುವುದು ನಮ್ಮಂಥವರಿಗೆ ಕಷ್ಟ. ಅದಕ್ಕೇ ಅಂಗಡಿಯವರ ಬಾಯಿಮಾತಿನ ಮೇಲೆ ಮಾಗುರ್ ತರಬೇಡಿ.

ಮೂರನೆಯದು ಚೆಂದಕ್ಕೆ ಸಾಕುವ ನಾಡಮೀನುಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪಟ್ಟಿಯಲ್ಲಿ ಪಶ್ಚಿಮ ಘಟ್ಟದ 'ಮಿಸ್ ಕೇರಳ' ಎಂಬ ಕೆಂಪು ಗೆರೆಯ ಸುಂದರ ಮೀನೂ ಸೇರಿದೆ. ಹುಲಿ, ಆನೆಗೆ ಇರುವ ಕಾಯ್ದೆಯೊಳಗೆ ಒಂದು ಗೇಣೂ ಇಲ್ಲದ ಮೀನು ಬಂದಿದೆ ಅಂದರೆ ನೋಡಿ. 'ನಮ್ಮದೇ ಮೀನು ತಾನೆ' ಎಂದು ಹಳ್ಳದಿಂದ ಹಿಡಿದು ತರುವ ಮೊದಲು ಪಟ್ಟಿ ನೋಡಬೇಕು.

ನಾನು ಆರಿಸಿಕೊಂಡದ್ದು ಮರಾಠಿಯಲ್ಲಿ ಮರಳ್, ತೆಲಂಗಾಣದಲ್ಲಿ ಕೊರ್ರಮೀನು, ಹಳೇ ಮೈಸೂರಿನ ಕಡೆ ಕೊರವ ಎಂದು ಕರೆಯುವ ಹಾವುತಲೆಯ ಮೀನು. ತೆಲಂಗಾಣ ಇದನ್ನು ತನ್ನ ರಾಜ್ಯ ಮೀನು ಮಾಡಿಕೊಂಡಿದೆ. ಹೈದರಾಬಾದಿನಲ್ಲಿರುವ ನಮ್ಮವರಿಗೆ ಇನ್ನೊಂದು ಪರಿಚಯವೂ ಇರುತ್ತದೆ. ಮೃಗಶಿರಾ ಮಳೆ ಹುಟ್ಟುವಾಗ ಉಬ್ಬಸದವರಿಗೆ ಕೊಡುವ ಮೀನು ಪ್ರಸಾದದಲ್ಲಿ ನುಂಗಿಸುವುದು ಇದರ ಮರಿಯನ್ನೇ. ಭೀಮಾ, ಕೃಷ್ಣಾ ಸೀಮೆಗೆ ಇದು ಮೊದಲಿನಿಂದಲೂ ಸೇರಿದ ಮೀನು. ನೀರಿನ ಮೇಲೆ ಮೂತಿ ಎತ್ತಿ ಗಾಳಿ ಕುಡಿಯುತ್ತದೆ, ಹಾಗಾಗಿ ಕರೆಂಟ್ ಹೋಗಿ ಪಂಪ್ ನಿಂತರೂ ತಕ್ಷಣ ಸಾಯುವುದಿಲ್ಲ. ಹಾಗೆಂದು ಪಂಪ್ ಬೇಡ ಅಂತಲ್ಲ. ಮೀನಿಗೆ ಬೇಡದಿದ್ದರೂ ಖಡಿಯ ಬ್ಯಾಕ್ಟೀರಿಯಾಗಳಿಗೆ, ಬೇರುಗಳಿಗೆ ಆಮ್ಲಜನಕ ಬೇಕೇ ಬೇಕು.

ಕೊರವಕ್ಕೆ ಅದರದೇ ಆದ ಕಷ್ಟಗಳೂ ಇವೆ. ಜಿಗಿಯುತ್ತದೆ, ಆದ್ದರಿಂದ ತೊಟ್ಟಿಯ ಮೇಲೆ ಬಲೆ ಬಿಗಿದಿರಬೇಕು. ಬಲೆಗೂ ನೀರಿಗೂ ನಡುವೆ ಗಾಳಿ ಕುಡಿಯಲು ಜಾಗ ಇರಬೇಕು. ಮಾಂಸಾಹಾರಿ, ತನಗಿಂತ ಚಿಕ್ಕ ಕೊರವವನ್ನೂ ಬಿಡುವುದಿಲ್ಲ, ಹಾಗಾಗಿ ಒಂದೇ ಅಳತೆಯ ಮರಿಗಳನ್ನೇ ಬಿಡಬೇಕು. ಮರಿ ಕೇಂದ್ರದಲ್ಲೇ ಕಾಳಿನಂಥ ಒಣ ಆಹಾರ ತಿನ್ನಲು ಕಲಿತ ಮರಿಗಳನ್ನು ಕೇಳಿ ತರಬೇಕು. ಇಲ್ಲದಿದ್ದರೆ ದಿನಾ ಜೀವಂತ ಆಹಾರ ಎಲ್ಲಿಂದ ತರುವುದು?

ಇನ್ನು ಪರವಾನಗಿಯ ಮಾತು. "ಹದಿನೈದು ಮೀನಿಗೆ ಸರ್ಕಾರಿ ಕಚೇರಿಯೇ?" ಎಂದು ನಮ್ಮ ಮನೆಯವರೇ ನಕ್ಕಿದ್ದರು. ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯಗಳ ಪಟ್ಟಿಯಲ್ಲಿದೆ. ಮಹಾರಾಷ್ಟ್ರಕ್ಕೆ 1960ರ ಮೀನುಗಾರಿಕೆ ಕಾಯ್ದೆ ಇದೆ, ಕರ್ನಾಟಕಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ, ಕೇರಳಕ್ಕೆ 2010ರದ್ದು ಇದೆ. ಆದ್ದರಿಂದ ಚೆನ್ನೈಯಲ್ಲಿರುವ ನಿಮ್ಮ ತಂಗಿಗೆ ಅನ್ವಯಿಸುವ ನಿಯಮ ಪುಣೆಯಲ್ಲಿರುವ ನಿಮಗೆ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ನೀವಿರುವ ಜಿಲ್ಲೆಯ ಮೀನುಗಾರಿಕೆ ಕಚೇರಿಯಲ್ಲಿ ಕೇಳುವುದೇ ಸರಿಯಾದ ದಾರಿ.

ನಾನು ಹಾಗೆಯೇ ಒಂದು ಅರ್ಜಿ ಬರೆದುಕೊಂಡು ಹೋದೆ. ತೊಟ್ಟಿಯ ನಕ್ಷೆ, ಅಳತೆ, ಮೀನಿನ ಹೆಸರು, ಸಂಖ್ಯೆ, ಎಲ್ಲವನ್ನೂ ಆಫೀಸಿನ ಪ್ರಾಜೆಕ್ಟ್ ವರದಿಯ ಹಾಗೆ ಜೋಡಿಸಿದ್ದೆ. ಅಲ್ಲಿದ್ದ ಹಿರಿಯ ಅಧಿಕಾರಿ ನಕ್ಷೆಯನ್ನು ಪಕ್ಕಕ್ಕಿಟ್ಟು ಮರಾಠಿಯಲ್ಲಿ ಮೂರೇ ಪ್ರಶ್ನೆ ಕೇಳಿದರು. ಯಾವ ಮೀನು? ಮರಿ ಎಲ್ಲಿಂದ ತರುತ್ತೀರಿ? ತೊಟ್ಟಿ ತುಂಬಿ ಹರಿದರೆ ನೀರು ಎಲ್ಲಿಗೆ ಹೋಗುತ್ತದೆ?

ಮೊದಲೆರಡು ಪ್ರಶ್ನೆಗೆ ಕಾಗದದಲ್ಲೇ ಉತ್ತರ ಇತ್ತು. ಮರಿ ಕೇಂದ್ರದ ಬಿಲ್ ತರುತ್ತೇನೆ ಅಂದೆ. ಬಿಲ್ ಅಂದರೆ ಬರೀ ಹಣದ ಲೆಕ್ಕವಲ್ಲ, ಮೀನನ್ನು ನದಿಯಿಂದ ಕದ್ದು ತಂದಿಲ್ಲ ಎಂಬುದಕ್ಕೆ ಸಾಕ್ಷಿ. ಮೊದಲ ಮಳೆಗೆ ಕೊರವಗಳು ಮರಿ ಮಾಡುತ್ತವೆ. ತಂದೆತಾಯಿ ಮೀನು ಮರಿಗಳ ಗುಂಪಿಗೆ ಕಾವಲು ನಿಂತಿರುತ್ತವೆ. ಆ ಹೊತ್ತಿಗೆ ಬಲೆ ಹಾಕಿದರೆ ಒಂದು ಸಂಸಾರವೇ ಹೋಗುತ್ತದೆ.

ಮೂರನೆಯ ಪ್ರಶ್ನೆಗೆ ನಾನು "ಗಟಾರಕ್ಕೆ" ಅಂದೆ. "ಗಟಾರದಿಂದ?" ಅಂದರು. "ನಾಲೆಗೆ." "ನಾಲೆಯಿಂದ?" "ಮುಠಾ ನದಿಗೆ." ಅವರು ತಲೆಯಾಡಿಸಿ, "ಅಲ್ಲಿಗೆ ಒಂದು ಜಾಳಿಗೆ ಹಾಕಿಸಿ, ಆಮೇಲೆ ಮರಿ ತನ್ನಿ. ಮಾರಾಟ ಮಾಡುವುದಾದರೆ ಮತ್ತೆ ಬನ್ನಿ, ಅದರ ನಿಯಮ ಬೇರೆ" ಎಂದು ಅರ್ಜಿ ತೆಗೆದುಕೊಂಡು ಸ್ವೀಕೃತಿಯ ಮೊಹರು ಹಾಕಿಕೊಟ್ಟರು.

ಆ ಮೂರನೆಯ ಪ್ರಶ್ನೆಯನ್ನು ನಾನು ಮನೆಗೆ ತಂದು ಮುಂದುವರಿಸಿದೆ. ಮುಠಾದಿಂದ ಮುಂದೆ? ಮುಳಾ ಮುಠಾ ಪುಣೆಯಲ್ಲೇ ಸೇರುತ್ತವೆ. ಆ ನೀರು ಭೀಮೆಗೆ ಹೋಗುತ್ತದೆ. ಭೀಮೆ ಉಜನಿ ಜಲಾಶಯ ತುಂಬಿಸಿ, ಪಂಢರಪುರದಲ್ಲಿ ಚಂದ್ರಭಾಗೆ ಅನ್ನಿಸಿಕೊಂಡು, ಇಂಡಿ, ಅಫಜಲಪುರದ ಕಡೆಯಿಂದ ಕರ್ನಾಟಕದೊಳಗೆ ಬರುತ್ತಾಳೆ. ಗಾಣಗಾಪುರ ದಾಟಿ, ಯಾದಗಿರಿ ಸೀಮೆ ದಾಟಿ, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುತ್ತಾಳೆ. ನನ್ನ ತವರು ಅಫಜಲಪುರ ತಾಲ್ಲೂಕಿನ ಹೊಳೆದಂಡೆಯ ಹಳ್ಳಿ. ಅಮ್ಮನ ಅಪ್ಪ, ನಮ್ಮಜ್ಜ, ಭೀಮೆಯಲ್ಲಿ ಬಲೆ ಹಾಕಿ ಮಕ್ಕಳನ್ನು ಸಾಕಿದವರು. ಅಂದರೆ ನನ್ನ ಅಂಗಳದ ಗಟಾರ ಹೋಗಿ ಮುಟ್ಟುವುದು ನನ್ನ ತವರಿನ ಹೊಳೆಯನ್ನೇ. ಇಲ್ಲಿ ಕೂತಿರುವವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರಿನವರು ಎಷ್ಟೋ ಜನ ಇದ್ದೀರಿ. ಪುಣೆಯವರು ಮೇಲೆ, ನಮ್ಮೂರಿನವರು ಕೆಳಗೆ. ಪರವಾನಗಿ ಅನ್ನುವುದು ಕೆಳಗಿರುವವರ ಪರವಾಗಿ ಮೇಲಿರುವವರನ್ನು ಕೇಳುವ ಪ್ರಶ್ನೆ ಎಂದು ಅವತ್ತಿನಿಂದ ನಾನು ತಿಳಿದಿದ್ದೇನೆ.

ಉಜನಿಯಲ್ಲಿ ಏನಾಗಿದೆ ನೋಡಿ. ಇವತ್ತು ಅಲ್ಲಿನ ಬಲೆಗೆ ಹೆಚ್ಚಾಗಿ ಬೀಳುವುದು ಚಿಲಾಪಿ. ಅದರ ಜೊತೆ ಇತ್ತೀಚಿನ ವರ್ಷಗಳಲ್ಲಿ ಸಕ್ಕರ್ ಮೀನು ಸೇರಿಕೊಂಡಿದೆ. ಅದೇ ರೀ, ಅಕ್ವೇರಿಯಂನ ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ, ಮೈಯೆಲ್ಲ ಮುಳ್ಳು ಚಿಪ್ಪಿನ ಕಪ್ಪು ಮೀನು. ದಕ್ಷಿಣ ಅಮೆರಿಕದ್ದು. ಯಾವ ಇಲಾಖೆಯೂ ಅದನ್ನು ಜಲಾಶಯಕ್ಕೆ ತಂದು ಬಿತ್ತಲಿಲ್ಲ. ಗಾಜಿನ ತೊಟ್ಟಿಗೆ ದೊಡ್ಡದಾಯಿತೆಂದು ಮನೆಗಳವರು 'ಪಾಪ, ಬದುಕಿಕೊಳ್ಳಲಿ' ಎಂದು ಕೆರೆಗೆ, ಹೊಳೆಗೆ ಬಿಟ್ಟ ಮೀನು ಇದು. ತಿನ್ನಲು ಯಾರೂ ಕೊಳ್ಳುವುದಿಲ್ಲ, ಅದರ ಮುಳ್ಳಿಗೆ ಬಲೆ ಹರಿಯುತ್ತದೆ. ನಾವು ಪುಣ್ಯವೆಂದು ಬಿಟ್ಟದ್ದರ ಲೆಕ್ಕ ಮೀನುಗಾರರ ಬಲೆಯಲ್ಲಿ ಆಗುತ್ತಿದೆ.

"ಹೊರದೇಶದ ಮೀನು ಬಿಡಬಾರದು, ಸರಿ. ನಾಡಮೀನು ಬಿಟ್ಟರೆ ಏನು?" ನನ್ನ ಹತ್ತು ವರ್ಷದ ಮಗಳು ಇದನ್ನು ಕೇಳಿದಳು. ಅವಳ ಶಾಲೆಯಲ್ಲಿ ಪರಿಸರ ದಿನಕ್ಕೆ ಏನಾದರೂ ಮಾಡಬೇಕಿತ್ತು. "ಅಮ್ಮಾ, ನಮ್ಮ ಮೀನಿನಲ್ಲಿ ಐದನ್ನು ನದಿಗೆ ಬಿಡೋಣ. ಅದು ಅಲ್ಲಿಯದೇ ಮೀನು ಅಂತ ನೀನೇ ಹೇಳಿದ್ದೀಯಲ್ಲ" ಅಂದಳು. ನ್ಯಾಯವಾದ ಪ್ರಶ್ನೆ. ಅವಳಿಗೆ ನಾನು ಹೇಳಿದ್ದು ಮಹಶೀರ್ ಕಥೆ. ಅದರ ಒಂದು ತುದಿ ನಮ್ಮ ಪುಣೆಯಲ್ಲಿದೆ, ಇನ್ನೊಂದು ತುದಿ ಕಾವೇರಿಯಲ್ಲಿ.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿದವರು ನೀವೆಲ್ಲ. ಆ ದೊಡ್ಡ ಚಿಪ್ಪಿನ ಮೀನುಗಳ ಬಳಗವೇ ಮಹಶೀರ್. ಅದರಲ್ಲಿ ದಖ್ಖನ್ ಮಹಶೀರ್ ಎಂಬುದನ್ನು ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 1839ರಲ್ಲಿ ಮೊದಲ ಬಾರಿಗೆ ವಿಜ್ಞಾನಕ್ಕೆ ಪರಿಚಯಿಸಿದ. ಅವನು ನೋಡಿದ ಮೀನು ಸಿಕ್ಕಿದ್ದು ಎಲ್ಲಿ ಗೊತ್ತೇ? ಪುಣೆಯ ಪೂರ್ವಕ್ಕೆ, ಮುಳಾ ಮುಠಾ ನದಿಯಲ್ಲಿ. ಇವತ್ತು ನಾವು ಮೂಗು ಮುಚ್ಚಿಕೊಂಡು ದಾಟುವ ಅದೇ ನದಿ. ಮುಂದೆ ಈ ಮೀನು ಕಡಿಮೆಯಾಗುತ್ತಾ ಬಂದಾಗ, 1970ರ ದಶಕದಲ್ಲಿ ಲೋಣಾವಳದಲ್ಲಿ ಮರಿ ಮಾಡಿಸುವ ಕೆಲಸ ಶುರುವಾಯಿತು. ಬಹಳ ಒಳ್ಳೆಯ ಕೆಲಸ, ಯಶಸ್ಸೂ ಸಿಕ್ಕಿತು. ಆ ಮರಿಗಳು ದೇಶದ ಬೇರೆ ಬೇರೆ ನದಿಗಳಿಗೆ ಹೋದವು. ಕಾವೇರಿಗೂ ಹೋದವು.

ಕಾವೇರಿಯಲ್ಲಿ ಮೊದಲೇ ಒಂದು ಮಹಶೀರ್ ಇತ್ತು. ಗೂನು ಬೆನ್ನಿನ, ಕಿತ್ತಳೆ ಬಣ್ಣದ ರೆಕ್ಕೆಯ ಮೀನು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಲೋಕದಲ್ಲಿ ಇನ್ನೆಲ್ಲೂ ಇಲ್ಲದ್ದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕೆಜಿ. ಅಂಥ ಮೀನಿನ ನದಿಗೆ ನೀಲಿ ರೆಕ್ಕೆಯ ದಖ್ಖನ್ ಮಹಶೀರ್ ಮರಿಗಳು ಬಂದವು. ವರ್ಷಗಳು ಕಳೆದಂತೆ ಗಾಳಕ್ಕೆ ನೀಲಿ ರೆಕ್ಕೆಯವೇ ಸಿಗತೊಡಗಿದವು, ಗೂನು ಬೆನ್ನಿನವು ಅಪರೂಪವಾದವು. ಅಣೆಕಟ್ಟು, ಮರಳು ಎತ್ತುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಕೂಡ ಕಾರಣಗಳೇ. ಆದರೆ ಹೊರಗಿನಿಂದ ಬಂದ ಈ ನಂಟನ ಪಾಲೂ ದೊಡ್ಡದು ಎಂದು ಸಂಶೋಧಕರು ತೋರಿಸಿದ್ದಾರೆ. ಆ ಗೂನು ಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅದು ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅತ್ಯಂತ ಅಪಾಯದ ಅಂಚಿನಲ್ಲಿರುವ ಜೀವಿ ಎಂದು ಸೇರಿತು.

ಇದರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಬಿಟ್ಟವರು ಮೀನನ್ನು ಉಳಿಸಲೆಂದೇ ಬಿಟ್ಟರು. ಬಿಟ್ಟ ಮೀನೂ ಭಾರತದ್ದೇ, ಸಹ್ಯಾದ್ರಿಯದ್ದೇ. ಆದರೆ ಮೀನಿಗೆ ದೇಶ ಇಲ್ಲ, ರಾಜ್ಯ ಇಲ್ಲ, ನದಿ ಮಾತ್ರ ಇದೆ. ಕೃಷ್ಣೆಯ ಮೀನು ಕಾವೇರಿಯಲ್ಲಿ ಪರದೇಶಿಯೇ. ನಾವು ದಿನಾ ದೇಸಿ ಮೀನು ಎಂದು ಕೊಳ್ಳುವ ರೋಹು ಕೂಡ ಗಂಗಾ ಬಯಲಿನದು. ದಕ್ಷಿಣದ ಕೆರೆಗಳಿಗೆ ಮನುಷ್ಯರು ತಂದು ಬಿತ್ತಿದ್ದು.

"ಹಾಗಾದರೆ ನಮ್ಮ ಕೊರವ ಈ ನದಿಯದೇ ಅಲ್ಲವಾ?" ಎಂದು ಮಗಳು ಬಿಡಲಿಲ್ಲ. ಜಾತಿ ಅದೇ. ಆದರೆ ಈ ಮರಿಗಳ ತಂದೆತಾಯಿ ಯಾವ ನದಿಯವು ಎಂಬುದು ಬಿಲ್ಲಿನಲ್ಲಿ ಇಲ್ಲ. ಮರಿ ಕೇಂದ್ರದಲ್ಲಿ ಬೆಳೆದ ಮೀನು ಎಲ್ಲಿಂದಲೋ ಬಂದ ವಂಶದ್ದಾಗಿರಬಹುದು. ಅದಲ್ಲದೆ ರೋಗದ ಭಯ. 1988ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಹುಣ್ಣಿನ ರೋಗ ಹೆಚ್ಚು ಬಲಿ ತೆಗೆದುಕೊಂಡದ್ದು ಈ ಕೊರವ ಜಾತಿಯ ಮೀನುಗಳನ್ನೇ. ತೊಟ್ಟಿಯಲ್ಲಿ ಒತ್ತೊತ್ತಾಗಿ ಬೆಳೆದ ಮೀನು ಹೊರಗೆ ಆರೋಗ್ಯವಾಗಿ ಕಂಡರೂ ಏನು ಹೊತ್ತಿದೆಯೋ ಹೇಳಲಾಗುವುದಿಲ್ಲ. ನಮ್ಮ ಆಫೀಸಿನಲ್ಲಿ ಒಂದು ಪ್ರೋಗ್ರಾಂ ಕೆಟ್ಟರೆ ಹಿಂದಿನದಕ್ಕೆ ಮರಳುತ್ತೇವೆ, ಅದಕ್ಕೆ ರೋಲ್‌ಬ್ಯಾಕ್ ಅನ್ನುತ್ತೇವೆ. ನದಿಗೆ ಬಿಟ್ಟ ಮೀನಿಗೆ ರೋಲ್‌ಬ್ಯಾಕ್ ಇಲ್ಲ. ಮಗಳು ಕೊನೆಗೆ ಶಾಲೆಗೆ ಮೀನು ತೆಗೆದುಕೊಂಡು ಹೋಗಲಿಲ್ಲ. ಪುಣೆಯ ನಾಲೆಯಿಂದ ಕೃಷ್ಣೆಯವರೆಗಿನ ನಕ್ಷೆಯೊಂದನ್ನು ಬರೆದು ಒಯ್ದಳು.

ಈಗ ನಮ್ಮ ತೊಟ್ಟಿಯಲ್ಲಿ ನಾನು ಪಾಲಿಸುವುದನ್ನು ಹೇಳುತ್ತೇನೆ. ತುಂಬಿ ಹರಿಯುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಇದೆ. ಹಾಗೆ ಹರಿದ ನೀರು ಗಟಾರಕ್ಕೆ ಹೋಗುವುದಿಲ್ಲ, ನಿಂಬೆ ಗಿಡದ ಮಡಿಗೆ ಹೋಗುತ್ತದೆ. ಜುಲೈ ಮಳೆಗೆ ಮುಂಚೆ ಜಾಳಿಗೆ, ಬಲೆ ಎರಡನ್ನೂ ಬಿಚ್ಚಿ ತೊಳೆದು ನೋಡುತ್ತೇನೆ. ಸತ್ತ ಮೀನನ್ನು ಗಟಾರಕ್ಕೆ ಎಸೆಯುವುದಿಲ್ಲ, ಮಣ್ಣಿನಲ್ಲಿ ಆಳವಾಗಿ ಹೂಳುತ್ತೇನೆ. ಬಿಲ್, ಅರ್ಜಿಯ ಪ್ರತಿ, ಸೊಸೈಟಿಯ ಒಪ್ಪಿಗೆ ಪತ್ರ ಒಂದು ಫೈಲಿನಲ್ಲಿವೆ. ಸೊಸೈಟಿಯವರು ಒಪ್ಪುವ ಮೊದಲು ಸೊಳ್ಳೆ ಆಗುತ್ತದಲ್ಲ ಎಂದು ಕೇಳಿದ್ದರು. ಖಡಿಯ ಪಾತಿಯಲ್ಲಿ ನೀರು ಖಡಿಯ ಮೇಲ್ಮೈಗಿಂತ ಕೆಳಗೇ ಇರುತ್ತದೆ, ತೊಟ್ಟಿಯಲ್ಲಿ ಮೀನಿರುತ್ತದೆ, ಸೊಳ್ಳೆಗೆ ಮೊಟ್ಟೆ ಇಡಲು ಜಾಗವೇ ಇಲ್ಲ ಎಂದು ಕರೆದು ತೋರಿಸಿದೆ.

ನಿಮ್ಮಲ್ಲಿ ಅನೇಕರ ಮನಸ್ಸಿನಲ್ಲಿರುವ ಇನ್ನೊಂದು ಪ್ರಶ್ನೆ ನನಗೆ ಗೊತ್ತು. ನಮ್ಮ ಮನೆಯಲ್ಲೇ ಅದು ಬಂದಿತ್ತು. ನಮ್ಮ ಅತ್ತೆ ಧಾರವಾಡದವರು, ಶುದ್ಧ ಸಸ್ಯಾಹಾರಿ. ಮೊದಲ ಪಾಲಕ್ ಕಿತ್ತು ಅಡುಗೆಮನೆಗೆ ತಂದಾಗ, "ಪಾಲಕ್ ಛಲೋ ಬಂದದ ನೋಡು. ಆದ್ರ ಮೀನಿನ ನೀರಾಗ ಬೆಳದದ್ದು ನಾ ಹ್ಯಾಂಗ ತಿನ್ಲಿ?" ಅಂದರು. "ಅತ್ತಿ, ಸಗಣಿ ಗೊಬ್ಬರದಾಗ ಬೆಳದ ಮೆಂತ್ಯೆ ತಿಂತೀರಲ್ರಿ" ಅಂದೆ. ಅವರು ಒಂದು ವಾರ ಯೋಚನೆ ಮಾಡಿದರು. ಆಮೇಲೆ ಎರಡು ಕಟ್ಟು ಮಾಡಿದರು. ಮೀನನ್ನು ಮುಟ್ಟಿದ ಕೈಯಲ್ಲಿ ಸೊಪ್ಪು ಕೀಳಬಾರದು, ಎಲೆಗೆ ತೊಟ್ಟಿಯ ನೀರು ತಾಗಬಾರದು. ಆರೋಗ್ಯದ ದೃಷ್ಟಿಯಿಂದ ಎರಡೂ ಸರಿಯಾದ ನಿಯಮಗಳೇ. ನಾನು ಇನ್ನೊಂದು ಸೇರಿಸುತ್ತೇನೆ, ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ. ಈಗ ಪಾತಿಯ ಉಸ್ತುವಾರಿ ಅತ್ತೆಯದು, ತೊಟ್ಟಿಯ ಉಸ್ತುವಾರಿ ನನ್ನದು. ನಾನು, ಮಗಳು ಮೀನು ತಿನ್ನುವವರು. ದೊಡ್ಡದಾದ ಮೀನನ್ನು ನಾವು ತಿನ್ನುತ್ತೇವೆ, ಅದಕ್ಕೆ ಬೇರೆ ಒಲೆ, ಬೇರೆ ಪಾತ್ರೆ ಇದೆ. ತಿನ್ನದವರು ಮೀನನ್ನು ಅದರ ಆಯುಷ್ಯ ಇರುವಷ್ಟು ದಿನ ಸಾಕಿಕೊಳ್ಳಬಹುದು. ಎರಡೂ ಆಗದಿದ್ದರೆ ಇನ್ನೊಬ್ಬ ಸಾಕುವವರಿಗೆ ಕೊಡಬೇಕು. ನದಿಗೆ ಬಿಡುವುದು ಮಾತ್ರ ಬೇಡ.

ಇದಕ್ಕೇ ನನ್ನ ಬೇಡಿಕೆ. ನಮ್ಮಲ್ಲಿ ವರ್ಷಕ್ಕೆ ಎಷ್ಟೋ ಸಂಸಾರಗಳಿಗೆ ವರ್ಗವಾಗುತ್ತದೆ. ಮನೆ ಖಾಲಿ ಮಾಡುವ ದಿನ ಫ್ರಿಜ್, ಸೋಫಾ ಎಲ್ಲ ಲಾರಿ ಹತ್ತುತ್ತವೆ, ಮೀನಿನ ತೊಟ್ಟಿ ಮಾತ್ರ ಮೂಲೆಯಲ್ಲಿ ಉಳಿಯುತ್ತದೆ. ಹೋದ ವರ್ಷ ನಮ್ಮ ಪಕ್ಕದ ಕಟ್ಟಡದವರು ಹೀಗೇ ಎರಡು ಗೋಲ್ಡ್ ಫಿಶ್, ಒಂದು ಸಕ್ಕರ್ ಹಿಡಿದುಕೊಂಡು ಕೆರೆಗೆ ಹೊರಟಿದ್ದರು. ನಾನು ಕೇಳಿ ಮನೆಗೆ ತಂದೆ, ಮೂರೂ ಈಗ ಬೇರೆ ಗಾಜಿನ ತೊಟ್ಟಿಯಲ್ಲಿ ಆರಾಮಾಗಿವೆ. ಅವರೇನು ಕೆಟ್ಟವರಲ್ಲ, ಕೊಡಲು ಇನ್ನೊಂದು ಮನೆ ಗೊತ್ತಿರಲಿಲ್ಲ ಅಷ್ಟೇ. ನಮ್ಮ ವೇದಿಕೆಯ ವಾಟ್ಸಾಪ್ ಬಳಗದಲ್ಲಿ ಒಂದು ಪಟ್ಟಿ ಮಾಡೋಣ. ಮೀನು ಬೇಡವಾದವರು ಹೇಳಲಿ, ಜಾಗ ಇರುವವರು ತೆಗೆದುಕೊಳ್ಳಲಿ. ಮೊದಲ ಹೆಸರು ನನ್ನದೇ ಬರೆದುಕೊಳ್ಳಿ. ಮಕ್ಕಳ ಹುಟ್ಟುಹಬ್ಬಕ್ಕೆ ಬಂದವರ ಕೈಗೆ ಮೀನಿನ ಚೀಲ ಕೊಡುವ ರೂಢಿಯನ್ನು ನಮ್ಮ ಮನೆಗಳಲ್ಲಾದರೂ ಬಿಡೋಣ. ಹೊಸದಾಗಿ ಸಾಕಲು ಹೊರಟವರು ಆ ಅಧಿಕಾರಿ ಕೇಳಿದ ಮೂರು ಪ್ರಶ್ನೆಗಳಿಗೆ ಒಂದು ಹಾಳೆಯಲ್ಲಿ ಉತ್ತರ ಬರೆದುಕೊಳ್ಳಿ. ಯಾವ ಮೀನು, ಎಲ್ಲಿಂದ ಬಂತು, ನೀರು ಎಲ್ಲಿಗೆ ಹೋಗುತ್ತದೆ. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಇದನ್ನು ಓದುವವರು ನಿಮ್ಮ ಮನೆಯ ಗಟಾರ ಯಾವ ನದಿಗೆ, ಯಾವ ಊರಿಗೆ ಹೋಗುತ್ತದೆ ಎಂದು ಒಮ್ಮೆ ನಕ್ಷೆಯಲ್ಲಿ ಹುಡುಕಿ ನೋಡಿ.

ಮುಂದಿನ ತಿಂಗಳ ಎರಡನೇ ಭಾನುವಾರ ತೊಟ್ಟಿ ನೋಡಲು ಬರುವವರು ಕಾರ್ಯದರ್ಶಿಗಳ ಬಳಿ ಹೆಸರು ಕೊಡಿ. ಹತ್ತು ಜನಕ್ಕಿಂತ ಹೆಚ್ಚು ಬೇಡ, ನಮ್ಮ ಅಂಗಳ ಚಿಕ್ಕದು. ಬಂದವರಿಗೆ ಒಂದೊಂದು ಹಿಡಿ ಪುದೀನ ಕೊಡುವುದಾಗಿ ಅತ್ತೆ ಹೇಳಿ ಕಳಿಸಿದ್ದಾರೆ.